ಪಾಠವಾಗಿ ಬಂದ ಕಾರ್ಟೂನು



ಮನೆಯಲ್ಲಿ ದೂರದರ್ಶನ ಬಿಟ್ಟರೆ ಬೇರೆ ಚಾನೆಲ್ ಇಲ್ಲದ ಕಾಲದಲ್ಲಿ ಬೆಳೆದವರನ್ನು ಮಾತಿಗೆಳೆಯಿರಿ. 'ಏಕ್ ಅನೇಕ್ ಔರ್ ಏಕತಾ' ಎಂಬ ಹೆಸರು ಬಂದೇ ಬರುತ್ತದೆ. ತಮ್ಮ ಕೇಳುತ್ತಾನೆ, ಅಕ್ಕ ಹೇಳುತ್ತಾಳೆ, ಏಳು ನಿಮಿಷಕ್ಕೆಲ್ಲ ಕಾರ್ಟೂನು ಚಿತ್ರ ಮುಗಿಯುತ್ತದೆ. ಹಿಂದಿಯ ಗಂಧವಿಲ್ಲದ ಮಕ್ಕಳೂ ಅದರ ಹಾಡನ್ನು ಗುನುಗಿದ್ದುಂಟು.

ಆ ಚಿತ್ರದ ಬೇರು ಮುಂಬೈಯ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್‌ನಲ್ಲಿದೆ. ಅಲ್ಲಿ ಕಾರ್ಟೂನು ವಿಭಾಗ ಶುರುವಾದದ್ದು 1956ರಲ್ಲಿ. ಡಿಸ್ನಿಯಲ್ಲಿ ಪಳಗಿದ್ದ ಕ್ಲೇರ್ ವೀಕ್ಸ್ ಬಂದು ನಮ್ಮ ಕಲಾವಿದರಿಗೆ ತರಬೇತಿ ಕೊಟ್ಟರು. ಮರುವರ್ಷ ಜಾತಕ ಕತೆಯೊಂದನ್ನು ಆಧರಿಸಿ 'ದಿ ಬ್ಯಾನಿಯನ್ ಡೀರ್' ಬಂತು. ಚಿತ್ರಕಾರ ಭೀಮಸೇನ್ ಆನಿಮೇಷನ್ ಕಲಿತದ್ದೂ ಇದೇ ಸಂಸ್ಥೆಯಲ್ಲಿ.

1974ರಲ್ಲಿ ವಿಜಯಾ ಮುಳೆ ನಿರ್ದೇಶಿಸಿದ 'ಏಕ್ ಅನೇಕ್'ಗೆ ಚಿತ್ರ ಬರೆದವರು ಈ ಭೀಮಸೇನ್; ಸಂಗೀತ ವಸಂತ ದೇಸಾಯಿ ಅವರದು. ಹಾಡಿದ ಮಗು ಮುಂದೆ ಸಾಧನಾ ಸರಗಮ್ ಎಂದು ಹೆಸರಾದಳು. ಶ್ರೇಷ್ಠ ಶೈಕ್ಷಣಿಕ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಬಲೆಯನ್ನೇ ಹೊತ್ತು ಹಾರುವ ಹಕ್ಕಿಗಳು ಪಂಚತಂತ್ರದ ಪಾರಿವಾಳರಾಜ ಚಿತ್ರಗ್ರೀವನ ಬಳಗದವೇ. ಉಪದೇಶ ಢಾಳಾಗಿಯೇ ಇದೆ, ಸುಳ್ಳೇಕೆ ಹೇಳಲಿ! ಆದರೆ ಅದನ್ನು ಗೆರೆಯೂ ರಾಗವೂ ಹೊತ್ತು ನಡೆಯುತ್ತವೆ. ಹಾಗಾಗಿ ಮಕ್ಕಳಿಗೆ ಭಾರವೆನಿಸಲಿಲ್ಲ.

ವಿಜಯಾ ಮುಳೆ ಅವರ ಇನ್ನೊಂದು ಕೆಲಸ ನಮಗೆ ಹತ್ತಿರದ್ದು. ಅದನ್ನು ನೆನೆಯುವವರು ಕಡಿಮೆ. 1975ರ ಆಗಸ್ಟ್ 1ರಂದು 'ಸೈಟ್' ಎಂಬ ಪ್ರಯೋಗ ಆರಂಭವಾಯಿತು. ಬಾಹ್ಯಾಕಾಶ ವಿಜ್ಞಾನಿ ವಿಕ್ರಂ ಸಾರಾಭಾಯಿ ಕಂಡ ಕನಸು ಅದು. ನೋಡಲು ಅವರು ಉಳಿಯಲಿಲ್ಲ. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟೀವಿ. ನಮ್ಮ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಕೋಳಿಗೂಡಿಗೆ ಹೊದಿಸುವ ತಂತಿಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ, ಊರಿಗೆಲ್ಲ ಒಂದೇ ಸೆಟ್ಟು. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಮಕ್ಕಳ ಪಾಠಗಳ ಹೊಣೆ ಹೊತ್ತ ಶೈಕ್ಷಣಿಕ ತಂತ್ರಜ್ಞಾನ ಕೇಂದ್ರಕ್ಕೆ ಮುಳೆ ಅವರೇ ಮುಖ್ಯಸ್ಥರು. ಬೆಂಗಳೂರಿಗೆ ತನ್ನದೇ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲು ಟೀವಿಯಲ್ಲಿ ಪಾಠ ಕಂಡವರು ಬಯಲುಸೀಮೆಯ ಹಳ್ಳಿ ಹುಡುಗರು!

ಒಂದೇ ವರ್ಷ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಹೊರಟುಹೋಯಿತು.

ಬಾಲ್ಯದ ಟೀವಿಯ ನೆನಪು ಎಂದಾಗ ನಾವು ಕೇಳುವುದೆಲ್ಲ ಎಂಬತ್ತರ ದಶಕದಲ್ಲಿ ಸ್ವಂತ ಸೆಟ್ಟು ಕೊಂಡ ಪೇಟೆ ಮನೆಗಳ ನೆನಪು. ಶಾಲೆಯ ಮುಂದೆ ನೆಲದ ಮೇಲೆ ಕೂತು ನೋಡಿದ ಆ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ಅವರು ಕಂಡದ್ದೇನು, ನಕ್ಕದ್ದು ಯಾವುದಕ್ಕೆ, ಮನಸ್ಸಿನಲ್ಲಿ ಯಾವ ಚಿತ್ರ ನಿಂತಿದೆ? ಆ ಮೂರು ಜಿಲ್ಲೆಗಳ ಹಿರಿಯರು ಯಾರಾದರೂ ಈ ಮಾತು ಕೇಳುತ್ತಿದ್ದರೆ, ದಯವಿಟ್ಟು ಬರೆದಿಡಿ. ಬರೆಯಲಾಗದಿದ್ದರೆ ಮೊಮ್ಮಕ್ಕಳ ಮೊಬೈಲಿನಲ್ಲಾದರೂ ಹೇಳಿ ರೆಕಾರ್ಡ್ ಮಾಡಿಸಿ.