ಆಕಾಶದಲ್ಲಿ ನಮ್ಮಂಥವರು ಉಂಟೇ?
(ಪುಣೆಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಕ್ಷತ್ರಲೋಕದ ಮಾತೇಕೆ ಎಂದು ತಾವು ಕೇಳಬಹುದು. ಕಾರಣವಿದೆ. ರಾತ್ರಿ ಆಕಾಶ ನೋಡಿ, "ಅಪ್ಪಾ, ಅಲ್ಲಿಯೂ ನಮ್ಮಂಥವರು ಇದ್ದಾರೆಯೇ?" ಎಂದು ಮಕ್ಕಳು ಕೇಳುವುದುಂಟು. ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆ ಶಾಲೆಯ ಪಾಲಾಗುತ್ತದೆ. ಊಟಕ್ಕೂ ಗದರಿಕೆಗೂ ಕನ್ನಡ, ವಿಚಾರಕ್ಕೆ ಬೇರೆ ಭಾಷೆ ಎಂದು ಮಗು ತಾನಾಗಿಯೇ ತೀರ್ಮಾನಿಸಿಕೊಳ್ಳುತ್ತದೆ. ಹೊರನಾಡಿನಲ್ಲಿರುವ ನಮಗೆ ಇದು ಸಣ್ಣ ನಷ್ಟವಲ್ಲ.

ಮೊದಲು ಮಗುವಿಗೆ ನಿಜವನ್ನೇ ಹೇಳೋಣ. ಇದುವರೆಗೆ ಯಾರೂ ಸಿಕ್ಕಿಲ್ಲ, ಹುಡುಕಾಟವೂ ನಿಂತಿಲ್ಲ. 1995ರಲ್ಲಿ ಸೂರ್ಯನಂಥ ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹ ಪತ್ತೆಯಾಯಿತು. ಈಗ ಹೀಗೆ ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಎಣಿಕೆ ಐದು ಸಾವಿರವನ್ನು ದಾಟಿದೆ. ಮನೆಗಳಿವೆ ಎಂದು ತಿಳಿಯಿತು. ಒಳಗೆ ಯಾರಾದರೂ ಇದ್ದಾರೆಯೇ ಎಂಬುದು ತಿಳಿಯದು.

ಹುಡುಕುವ ಬಗೆ ಯಾವುದು? 1960ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕಿನಲ್ಲಿ ಫ್ರಾಂಕ್ ಡ್ರೇಕ್ ಎಂಬ ವಿಜ್ಞಾನಿ 26 ಮೀಟರ್ ಅಗಲದ ರೇಡಿಯೋ ದೂರದರ್ಶಕವನ್ನು ಎರಡು ನಕ್ಷತ್ರಗಳತ್ತ ತಿರುಗಿಸಿ ಕಿವಿಗೊಟ್ಟರು. ಪ್ರಕೃತಿಯ ರೇಡಿಯೋ ಅಲೆಗಳು ಸಾಮಾನ್ಯವಾಗಿ ಜಾತ್ರೆಯ ಗದ್ದಲದಂತೆ ಹರಡಿರುತ್ತವೆ. ಯಂತ್ರದಿಂದ ಹೊರಟ ಅಲೆ ತಂಬೂರಿಯ ಶ್ರುತಿಯಂತೆ ಒಂದೇ ಸ್ಥಾನದಲ್ಲಿ ನಿಲ್ಲಬಲ್ಲುದು. ಗದ್ದಲದ ನಡುವೆ ಆ ಶ್ರುತಿಯನ್ನು ಅರಸುವುದೇ ಈ ವಿದ್ಯೆ. ಡ್ರೇಕರಿಗೆ ಅದು ಕೇಳಿಸಲಿಲ್ಲ.

1967ರಲ್ಲಿ ಕೇಂಬ್ರಿಜ್ಜಿನ ವಿದ್ಯಾರ್ಥಿನಿ ಜೋಸಲಿನ್ ಬೆಲ್ ಅವರಿಗೆ ಸುಮಾರು 1.3 ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತವೊಂದು ಸಿಕ್ಕಿತು. ತಮಾಷೆಗಾಗಿ ಅದಕ್ಕೆ "ಪುಟ್ಟ ಹಸಿರು ಮನುಷ್ಯರು" ಎಂಬ ಹೆಸರೂ ಬಿತ್ತು. ಆದರೆ ಅವರು ಡಂಗುರ ಸಾರಲಿಲ್ಲ. ಮತ್ತೆ ಮತ್ತೆ ಪರೀಕ್ಷಿಸಿದರು. ಆಕಾಶದ ಇನ್ನೊಂದು ದಿಕ್ಕಿನಲ್ಲಿಯೂ ಅಂಥದೇ ಮಿಡಿತ ಕಂಡಿತು. ಕೊನೆಗೆ ತಿಳಿದದ್ದು, ಅದು ಗಿರ್ರನೆ ತಿರುಗುವ ಸತ್ತ ನಕ್ಷತ್ರದ ತಿರುಳು ಎಂದು. ಅದನ್ನೇ ಪಲ್ಸಾರ್ ಎನ್ನುತ್ತಾರೆ. ಹಾರುವ ತಟ್ಟೆಗಳ ಹತ್ತು ಕಥೆಗಳಿಗಿಂತ ಈ ಒಂದು ನಿಜಕಥೆ ಮಕ್ಕಳಿಗೆ ಹಿತ. ಬೆರಗೂ ಇರಲಿ, ಪರೀಕ್ಷೆಯೂ ಇರಲಿ ಎಂಬುದನ್ನು ಅದು ಕಲಿಸುತ್ತದೆ.

ಪಲ್ಸಾರುಗಳಿಗೆ ಕಿವಿಗೊಡುವ ಕೇಂದ್ರವೊಂದು ನಮ್ಮ ಪುಣೆಯಿಂದ ಸುಮಾರು 80 ಕಿಲೋಮೀಟರ್ ದೂರದ ಖೋಡದದಲ್ಲಿದೆ. ಅಲ್ಲಿ 45 ಮೀಟರ್ ಅಗಲದ 30 ಬೋಗುಣಿಗಳು ಆಕಾಶಕ್ಕೆ ಮುಖವೊಡ್ಡಿವೆ. ಮಕ್ಕಳನ್ನು ಒಮ್ಮೆ ಕರೆದೊಯ್ದು ತೋರಿಸೋಣ.

ಇನ್ನೊಂದು ಸಂಗತಿ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿರುವ ತಾಮ್ರದ ಗಾನಮುದ್ರಿಕೆಗಳಿವೆ. ಎಂದಾದರೂ, ಯಾರಿಗಾದರೂ ಸಿಕ್ಕೀತೆಂದು 55 ಭಾಷೆಗಳ ಶುಭಾಶಯಗಳನ್ನು ಅದರಲ್ಲಿ ತುಂಬಿದ್ದಾರೆ. ಅವುಗಳಲ್ಲಿ ಮರಾಠಿಯಿದೆ, ನಮ್ಮ ಕನ್ನಡವೂ ಇದೆ. ವಾಯೇಜರ್-1 2012ರಲ್ಲಿ ಸೂರ್ಯಮಾರುತದ ಎಲ್ಲೆಯನ್ನು ದಾಟಿತು. ನಮ್ಮ ನುಡಿ ಇಂದು ನಕ್ಷತ್ರಗಳ ನಡುವಿನ ಬಯಲಿನಲ್ಲಿ ಸಂಚರಿಸುತ್ತಿದೆ!

ಅಷ್ಟು ದೂರ ಹೋದ ಭಾಷೆ ನಮ್ಮ ಮನೆಯ ಮಹಡಿಯವರೆಗೆ ಬರಲಾರದೇ? ಶಿವರಾಮ ಕಾರಂತರು 1936ರಷ್ಟು ಹಿಂದೆಯೇ 'ಬಾಲಪ್ರಪಂಚ'ವನ್ನು ರಚಿಸಿ, ಜಗತ್ತಿನ ವಿಚಾರಗಳನ್ನು ಮಕ್ಕಳಿಗೆ ಕನ್ನಡದಲ್ಲೇ ಹೇಳಬಹುದೆಂದು ತೋರಿಸಿಕೊಟ್ಟರು. ರೇಡಿಯೋ, ಪಲ್ಸಾರ್ ಮುಂತಾದ ಮಾತುಗಳು ಬಂದರೆ ಬರಲಿ, ವಾಕ್ಯ ನಮ್ಮದಾಗಿರಲಿ. ಉತ್ತರ ತಿಳಿಯದಾದರೆ ಮಗುವಿನೊಡನೆ ಕುಳಿತು ಹುಡುಕೋಣ. ಮುಂದಿನ ರಾಜ್ಯೋತ್ಸವದಲ್ಲಿ ಈ ವಿಷಯವನ್ನು ಕುರಿತು ಮಕ್ಕಳೇ ಇಲ್ಲಿ ನಿಂತು ಕನ್ನಡದಲ್ಲಿ ಮಾತನಾಡಲಿ ಎಂದು ಹಾರೈಸುತ್ತೇವೆ.

ಸಿರಿಗನ್ನಡಂ ಗೆಲ್ಗೆ!