ಟ್ರ್ಯಾಕ್ಟರಿನ ಸದ್ದು ಮತ್ತು ತಗಡಿನ ನಡುಕ: ತಗ್ಗಿಸುವ ಬಗೆ

ಮುಂಗಾರಿನ ಹದಮಳೆ ಬಿದ್ದೊಡನೆ ಊರ ಸುತ್ತಲೂ ಟ್ರ್ಯಾಕ್ಟರುಗಳ ಸದ್ದು ತುಂಬಿಕೊಳ್ಳುತ್ತದೆ. ಬಿತ್ತನೆಯ ಹದ ಕೈತಪ್ಪಬಾರದೆಂದು ಚಾಲಕನು ಬೆಳಗಿನಿಂದ ಕತ್ತಲಾಗುವವರೆಗೆ ಆಸನ ಬಿಟ್ಟು ಇಳಿಯುವುದಿಲ್ಲ. ಸಂಜೆ ಮನೆಗೆ ಬಂದಾಗ ಅವನ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಗುಂಯ್‌ಗುಡುತ್ತಿರುತ್ತದೆ. ಬೆಳಗಾಗುವಷ್ಟರಲ್ಲಿ ಅದು ಸರಿಹೋಗುವುದರಿಂದ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೀಗೆ ವರ್ಷಗಳು ಕಳೆದಂತೆ ಅದು ಸರಿಹೋಗದೆ ಉಳಿಯುತ್ತದೆ. ಮೊದಲು ಕೇಳಿಸದಾಗುವುದು ಚಿಕ್ಕಮಕ್ಕಳ ಮತ್ತು ಹೆಂಗಸರ ಸಣ್ಣ ದನಿ, ಹಕ್ಕಿಗಳ ಉಲಿ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಔಷಧವಿಲ್ಲ, ತಡೆಗಟ್ಟುವುದೊಂದೇ ದಾರಿ.

ಸದ್ದಿನ ಲೆಕ್ಕ

ಸದ್ದನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯುತ್ತಾರೆ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1998ರಲ್ಲಿ ಮಾಡಿದ ಶಿಫಾರಸಿನಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಮುಂದೆ ಪ್ರತಿ 3 ಡೆಸಿಬಲ್ ಏರಿದಂತೆ ಈ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ ಮಾತ್ರ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಚಾಲಕನ ಕಿವಿಯ ಬಳಿ ಸದ್ದು 90 ಡೆಸಿಬಲ್ ಮೀರುವುದು ಸಾಮಾನ್ಯ. ಅಳೆಯುವ ಸಾಧನವಿಲ್ಲದಿದ್ದರೂ ಚಿಂತೆಯಿಲ್ಲ. ಮೂರು ಅಡಿ ದೂರದಲ್ಲಿ ನಿಂತವರೊಡನೆ ಕೂಗಿ ಮಾತನಾಡಬೇಕಾದರೆ ಸದ್ದು ಮಿತಿ ಮೀರಿದೆ ಎಂದೇ ತಿಳಿಯಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಮನಾದ ಎರಡು ಸದ್ದುಗಳಲ್ಲಿ ಒಂದನ್ನು ಪೂರ್ತಿ ನಿಲ್ಲಿಸಿದರೂ ಒಟ್ಟು ಸದ್ದು ಇಳಿಯುವುದು 3 ಡೆಸಿಬಲ್ ಮಾತ್ರ. ಈ ವ್ಯತ್ಯಾಸ ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಆದ್ದರಿಂದ ಅನೇಕರು ಒಂದು ರಿಪೇರಿ ಮಾಡಿ, ಪ್ರಯೋಜನವಾಗಲಿಲ್ಲವೆಂದು ಕೈಬಿಡುತ್ತಾರೆ. ನಿಜವಾಗಿ ಕಿವಿಯ ಮೇಲಿನ ಹೊರೆ ಅರ್ಧಕ್ಕೆ ಇಳಿದಿರುತ್ತದೆ. ಕಳೆಯನ್ನು ಒಂದೇ ಸಲ ಕಿತ್ತು ಮುಗಿಸಲಾಗದಂತೆ, ಸದ್ದನ್ನೂ ಒಂದೊಂದೇ ಮೂಲದಿಂದ ತಗ್ಗಿಸುತ್ತ ಬರಬೇಕು. ಎಲ್ಲಕ್ಕಿಂತ ಜೋರಾದುದನ್ನು ಮೊದಲು ಹಿಡಿಯಬೇಕು.

ತಗಡು ನಡುಗುವುದೇಕೆ?

ನಾಲ್ಕು ಹಂತದ, ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಉರಿಹೊಡೆತ ಬೀಳುತ್ತದೆ. 1600 ಸುತ್ತಿನಲ್ಲಿ 40 ಹೊಡೆತ. ಮಡ್‌ಗಾರ್ಡ್, ಬಾನೆಟ್, ಮೇಲ್ಛಾವಣಿಯ ತಗಡು ಇವುಗಳಿಗೂ ತಮ್ಮದೇ ಆದ ನಡುಗುವ ವೇಗವಿರುತ್ತದೆ. ಹೊಡೆತವೂ ತಗಡಿನ ವೇಗವೂ ಒಂದಾದಾಗ ತಗಡು ತಮಟೆಯಂತೆ ಬಡಿದುಕೊಳ್ಳುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಮಡ್‌ಗಾರ್ಡ್ ಗಡಗಡ ಎನ್ನುವುದು, ವೇಗ ಬದಲಿಸಿದರೆ ಸುಮ್ಮನಾಗುವುದು ಇದೇ ಕಾರಣದಿಂದ.

ಅನುಸರಿಸಬೇಕಾದ ಕ್ರಮಗಳು

1. ಬಿಗಿಪಡಿಸುವುದು: ಇದಕ್ಕೆ ಸ್ಪ್ಯಾನರ್ ಸಾಕು. ಎಂಜಿನ್ ನಿಲ್ಲಿಸಿ ಮಡ್‌ಗಾರ್ಡ್, ಬಾನೆಟ್, ಟೂಲ್‌ಬಾಕ್ಸ್, ಬ್ಯಾಟರಿ ಪೆಟ್ಟಿಗೆ, ನಂಬರ್ ಪ್ಲೇಟುಗಳ ಬೋಲ್ಟುಗಳನ್ನು ಒಂದೊಂದಾಗಿ ನೋಡಬೇಕು. ಸಡಿಲವಾದವಕ್ಕೆ ಸ್ಪ್ರಿಂಗ್ ವಾಷರ್ ಹಾಕಿ ಬಿಗಿಯಬೇಕು. ಉಪಕರಣ ಎತ್ತಿಕೊಂಡು ಹೋಗುವಾಗ ಅತ್ತಿತ್ತ ಬಡಿಯುವ ಚೈನುಗಳನ್ನೂ ಸರಿಪಡಿಸಬೇಕು.

2. ಸೈಲೆನ್ಸರ್: ತುಕ್ಕು ಹಿಡಿದು ತೂತಾದ ಸೈಲೆನ್ಸರ್, ಜೋಡಣೆಯಲ್ಲಿ ಸುಟ್ಟ ಗ್ಯಾಸ್ಕೆಟ್ ಇದ್ದರೆ ಉಳಿದ ಯಾವ ರಿಪೇರಿಯೂ ಫಲ ಕೊಡದು. ಶಕ್ತಿ ಹೆಚ್ಚುತ್ತದೆಂದು ಸೈಲೆನ್ಸರ್ ತೆಗೆದು ಬರೀ ಕೊಳವೆ ಕೂರಿಸುವುದು ತಪ್ಪು.

3. ರಬ್ಬರು: ತಗಡು ಚೌಕಟ್ಟಿಗೆ ತಾಗುವಲ್ಲಿ ಇರುವ ರಬ್ಬರ್ ಬುಷ್‌ಗಳು ಬಿಸಿಲಿಗೆ ಗಟ್ಟಿಯಾಗಿ ಬಿರಿಯುತ್ತವೆ. ಹೊಸದನ್ನು ಹಾಕಿದರೆ ಎಂಜಿನ್ನಿನ ನಡುಕ ತಗಡಿಗೆ ದಾಟುವುದು ಕಡಿಮೆಯಾಗುತ್ತದೆ.

4. ತಗಡಿಗೆ ಹಾಳೆ: ಎಲ್ಲ ಬಿಗಿಯಿದ್ದೂ ತಗಡು ನಡುಗಿದರೆ, ಟ್ರ್ಯಾಕ್ಟರನ್ನು ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಹಾಕಿ, ಆ ವೇಗದಲ್ಲಿ ಎಂಜಿನ್ ಓಡಿಸಬೇಕು. ಇನ್ನೊಬ್ಬರು ಸೈಲೆನ್ಸರಿನಿಂದ ಮತ್ತು ತಿರುಗುವ ಭಾಗಗಳಿಂದ ದೂರವಿದ್ದು ಅಂಗೈಯಿಂದ ತಗಡನ್ನು ಒತ್ತಿ ನೋಡಬೇಕು. ಎಲ್ಲಿ ಒತ್ತಿದಾಗ ಸದ್ದು ಅಡಗುವುದೋ ಅಲ್ಲಿ ಗುರುತು ಹಾಕಬೇಕು. ಎಂಜಿನ್ ನಿಲ್ಲಿಸಿ, ತಗಡು ಆರಿದ ಮೇಲೆ ಅದರ ಒಳಮೈಯ ಮಣ್ಣು, ಎಣ್ಣೆ, ತುಕ್ಕು ತೆಗೆದು ಡಾಂಬರಿನ ಇಲ್ಲವೇ ಬ್ಯುಟೈಲ್ ರಬ್ಬರಿನ ಅಂಟುಹಾಳೆಯನ್ನು ಗಾಳಿ ಉಳಿಯದಂತೆ ಒತ್ತಿ ಅಂಟಿಸಬೇಕು. ವಾಹನಗಳ ಒಳಾಲಂಕಾರದ ಅಂಗಡಿಗಳಲ್ಲಿ ಇದು ಸಿಗುತ್ತದೆ. ತಗಡನ್ನು ಪೂರ್ತಿ ಮುಚ್ಚಬೇಕಿಲ್ಲ. ನಡುಭಾಗದ ಮೂರನೆಯ ಒಂದು ಪಾಲು ಮುಚ್ಚಿದರೂ ಬಹಳಷ್ಟು ಗುಣ ಸಿಗುತ್ತದೆ. ಸೈಲೆನ್ಸರಿನ ಹತ್ತಿರ ಯಾವ ಹಾಳೆಯನ್ನೂ ಅಂಟಿಸಬಾರದು, ಬೆಂಕಿಯ ಅಪಾಯವಿದೆ. ರೇಡಿಯೇಟರಿಗೆ ಗಾಳಿ ಹೋಗುವ ದಾರಿಯನ್ನು ಮುಚ್ಚಬಾರದು. ಮಗುಚಿದಾಗ ಚಾಲಕನನ್ನು ಕಾಪಾಡುವ ಚೌಕಟ್ಟನ್ನು ಕೊರೆಯುವುದಾಗಲಿ ವೆಲ್ಡಿಂಗ್ ಮಾಡುವುದಾಗಲಿ ಕೂಡದು.

5. ಕ್ಯಾಬಿನ್ ಇರುವ ಟ್ರ್ಯಾಕ್ಟರು ಮತ್ತು ಜೀಪು: ನೀರು ಸೋರುವ ಏರಿಯಂತೆ ಸದ್ದೂ ಸಂದಿಯಲ್ಲೇ ನುಗ್ಗುತ್ತದೆ. ಗೋಡೆಯ ನೂರನೆಯ ಒಂದು ಪಾಲು ತೆರೆದಿದ್ದರೂ ಆ ಗೋಡೆ ಎಷ್ಟೇ ದಪ್ಪವಿದ್ದು 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ಪೆಡಲು, ಗೇರ್, ವೈರುಗಳು ಹಾದುಬರುವ ತೂತುಗಳಿಗೆ ರಬ್ಬರ್ ಹೊದಿಕೆ, ಬಾಗಿಲಿಗೆ ಹೊಸ ರಬ್ಬರ್ ಪಟ್ಟಿ ಹಾಕಬೇಕು. ಕಾಲಡಿಗೆ ದಪ್ಪ ರಬ್ಬರ್ ಹಾಸು ಒಳ್ಳೆಯದು. ಬರೀ ಸ್ಪಂಜು ಅಂಟಿಸಿದರೆ ಒಳಗಿನ ಪ್ರತಿಧ್ವನಿ ತಗ್ಗುವುದೇ ಹೊರತು ಹೊರಗಿನ ಸದ್ದು ನಿಲ್ಲದು.

ನಡೆಸುವ ರೀತಿ

ಆಳದ ಉಳುಮೆಗೆ ಎಂಜಿನ್ನಿನ ಪೂರ್ಣ ಶಕ್ತಿ ಬೇಕಾದೀತು. ಆದರೆ ಹಗುರ ಕೆಲಸಗಳಿಗೆ ಒಂದು ಗೇರ್ ಮೇಲಕ್ಕೆ ಹಾಕಿ ಎಂಜಿನ್ನಿನ ಸುತ್ತು ತಗ್ಗಿಸಿದರೆ ಅದೇ ವೇಗದಲ್ಲಿ ಕೆಲಸ ಸಾಗುತ್ತದೆ. ಸದ್ದೂ ಇಳಿಯುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಎಂಜಿನ್ ಕಪ್ಪು ಹೊಗೆ ಕಾರಿ ಮುಕ್ಕರಿಯುವಂತಾದರೆ ಮಾತ್ರ ಗೇರ್ ಇಳಿಸಬೇಕು. ಪಿ.ಟಿ.ಓ.ದಿಂದ ನಡೆಯುವ ರೋಟವೇಟರಿನಂತಹ ಉಪಕರಣಗಳಿಗೆ ನಿಗದಿಯಾದ ಸುತ್ತು ಬೇಕಾದ್ದರಿಂದ ಈ ಮಾತು ಅವಕ್ಕೆ ಅನ್ವಯಿಸದು.

ಕಿವಿಯ ರಕ್ಷಣೆ

ಇಷ್ಟೆಲ್ಲ ಮಾಡಿದರೂ ತೆರೆದ ಟ್ರ್ಯಾಕ್ಟರಿನಲ್ಲಿ ಸದ್ದು ಪೂರ್ತಿ ಮಿತಿಯೊಳಕ್ಕೆ ಬಾರದು. ಹೊಲದಲ್ಲಿ ದಿನವಿಡೀ ದುಡಿಯುವವರು ಕಿವಿಗೆ ಹಾಕುವ ಸ್ಪಂಜಿನ ಬಿರಡೆಯನ್ನಾಗಲಿ, ಹೊರಗಿನಿಂದ ಮುಚ್ಚುವ ಸಾಧನವನ್ನಾಗಲಿ ಧರಿಸಬೇಕು. ಬರೀ ಹತ್ತಿ ತುರುಕಿದರೆ ಸಾಲದು. ಎಂಜಿನ್ನಿನ ಸದ್ದು ಮರೆಯಲೆಂದು ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕುವುದು ಗಾಯದ ಮೇಲೆ ಬರೆ ಎಳೆದಂತೆ. ಟ್ರ್ಯಾಕ್ಟರ್ ಓಡುವಾಗ ಮಕ್ಕಳನ್ನು ಮಡ್‌ಗಾರ್ಡಿನ ಮೇಲೆ ಕೂರಿಸಲೇಬಾರದು. ಬಿದ್ದರೆ ಪ್ರಾಣಕ್ಕೇ ಅಪಾಯ, ಎಳೆಯ ಕಿವಿಗೂ ಹಾನಿ.

ರೈತ ಬಾಂಧವರೇ, ಬಿತ್ತನೆ ಆರಂಭವಾಗುವ ಮುನ್ನ ಎಂಜಿನ್ ಆಯಿಲ್ ಬದಲಿಸುವ ದಿನವೇ ಅರ್ಧ ದಿನ ಈ ಕೆಲಸಕ್ಕೂ ಮೀಸಲಿರಲಿ. ಸವೆದ ಬುಷ್ಷಿಗೆ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಸವೆದ ಕಿವಿಗೆ ಸಿಗುವುದಿಲ್ಲ.