ಮಕ್ಕಳ ಕೈಗೆ ಯಾವ ಪುಸ್ತಕ?

(ಕುರ್ಲಾದಲ್ಲಿ ತಾಯ್ತಂದೆಯರ ಕೂಟದ ಮುಂದೆ ಮಾಡಿದ ಭಾಷಣ)



ಪುಸ್ತಕಗಳ ವಿಷಯವಾಗಿ ಮಾತನಾಡಲು ಸಾಹಿತಿಗಳನ್ನೋ ಉಪಾಧ್ಯಾಯರನ್ನೋ ಕರೆಯುವುದು ವಾಡಿಕೆ. ಈ ಸಲ ಬ್ಯಾಂಕಿನಲ್ಲಿ ಕುಳಿತು ಲೆಕ್ಕ ನೋಡುವ ನಮ್ಮಂಥವರನ್ನು ಕರೆದಿದ್ದೀರಿ. ಲೆಕ್ಕದವರಿಗೆ ಒಂದು ಅಭ್ಯಾಸವುಂಟು. ಸಾಲ ಕೇಳಲು ಬಂದವರ ಮುಖ ನೋಡಿ ನಾವು ಮೊತ್ತ ಗೊತ್ತುಮಾಡುವುದಿಲ್ಲ. ಅವರ ಖಾತೆ ನೋಡುತ್ತೇವೆ. ಮಕ್ಕಳಿಗೆ ಪುಸ್ತಕ ಆರಿಸುವಾಗಲೂ ಹೀಗೆಯೇ ಮಾಡಬೇಕೆಂದು ನಮ್ಮ ಅರಿಕೆ.

ಪುಸ್ತಕದ ಹಿಂಬದಿಯಲ್ಲಿ ‘6ರಿಂದ 8 ವರ್ಷದವರಿಗೆ’ ಎಂದು ಅಚ್ಚಾಗಿರುತ್ತದೆ. ಧಾರವಾಡದ ಮಗುವಿಗೆ ಅದು ಸರಿ. ಕುರ್ಲಾದ ಮಗುವಿಗೆ ಕನ್ನಡದಲ್ಲಿ ಎರಡು ಪ್ರಾಯಗಳಿವೆ; ಬುದ್ಧಿಯ ಪ್ರಾಯ ಒಂದು, ಅಕ್ಷರದ ಪ್ರಾಯ ಇನ್ನೊಂದು. 12 ವರ್ಷದ ಹುಡುಗ ಇಂಗ್ಲಿಷಿನ ದಪ್ಪ ಕಾದಂಬರಿಯನ್ನು ಎರಡು ದಿನದಲ್ಲಿ ಮುಗಿಸುತ್ತಾನೆ. ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲು ತಡವರಿಸುತ್ತಾನೆ. ಅಷ್ಟಲ್ಲದೆ ನಮ್ಮಲ್ಲಿ ಅನೇಕರ ಮನೆಮಾತು ತುಳು, ಕೆಲವರದು ಕೊಂಕಣಿ, ಬ್ಯಾರಿ. ಮನೆಯಲ್ಲಿ ತುಳು, ಮೆಟ್ಟಲಿಳಿದರೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಮತ್ತು ಮರಾಠಿ. ಅಂಥ ಮಗುವಿಗೆ ಕನ್ನಡವೆಂಬುದು ಐದನೆಯದು.

ಈ ಎರಡು ಪ್ರಾಯಗಳನ್ನು ಬೆರಸಿದರೆ ಆಗುವುದೇನೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದು ಸಮಾರಂಭದಲ್ಲಿ ಏಳನೆಯ ತರಗತಿಯ ಹುಡುಗಿಗೆ ಆನೆ ಇಲಿಗಳ ಬಣ್ಣದ ಶಿಶುಪುಸ್ತಕವನ್ನು ಬಹುಮಾನವಾಗಿ ಕೊಟ್ಟರು. ಅವಳಿಗೆ ಓದಲು ಬರುವುದು ಅಷ್ಟೇ ಎಂದು ಕೊಟ್ಟವರ ಎಣಿಕೆ. ಅದು ಸುಳ್ಳೂ ಅಲ್ಲ. ಆದರೆ ಜೊತೆಯವರು ನಕ್ಕರು. ಪುಸ್ತಕ ಅಟ್ಟ ಸೇರಿತು. ಆ ಹುಡುಗಿ ಆಮೇಲೆ ಕನ್ನಡದ ಯಾವ ಪುಸ್ತಕವನ್ನೂ ಮುಟ್ಟಲಿಲ್ಲವೆಂದು ಅವಳ ತಾಯಿಯೇ ನಮಗೆ ಹೇಳಿದರು.

ಐದು ವರ್ಷದೊಳಗಿನವರ ವಿಷಯ ಸುಲಭ. ಅಲ್ಲಿ ಓದುವವರು ನಾವು, ಕೇಳುವವರು ಅವರು. ಕಿವಿಗೆ ಹಿತವಾದ ಪದ್ಯಗಳು ಸಾಕು. ‘ಕವಿಶಿಷ್ಯ’ರೆಂದು ಬರೆದ ಬಂಟ್ವಾಳದ ಪಂಜೆ ಮಂಗೇಶರಾಯರು (1874–1937), ‘ತುತ್ತೂರಿ’ಯ ಜಿ. ಪಿ. ರಾಜರತ್ನಂ, ಈ ಮುಂಬಯಿಯಲ್ಲೇ ಭಾರತ ಸೇವಕ ಸಮಾಜದಲ್ಲಿದ್ದು ದುಡಿದ ದಿನಕರ ದೇಸಾಯಿ, ಇವರೆಲ್ಲರ ಪದ್ಯಗಳಿವೆ. ಉತ್ತರ ಕರ್ನಾಟಕದಿಂದ ಬಂದ ಮನೆಗಳವರು ವಿಜಯಪುರ ಸೀಮೆಯ ಕಂಚ್ಯಾಣಿ ಶರಣಪ್ಪನವರನ್ನು ಮರೆಯಬಾರದು. ಪದ್ಯವನ್ನು ಕನ್ನಡದಲ್ಲಿ ಹಾಡಿ ಅರ್ಥವನ್ನು ತುಳುವಿನಲ್ಲಿ ಹೇಳಿದರೆ ಕನ್ನಡಕ್ಕೇನೂ ಕುಂದಿಲ್ಲ.

ಏಳರಿಂದ ಹತ್ತರವರೆಗೆ ಅಕ್ಷರದ ಕಾಲ. ಇಲ್ಲಿ ನಮಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಶಾಲೆಯಲ್ಲಿ ಮರಾಠಿ ಕಲಿತ ಮಗುವಿಗೆ ಕ ಖ ಗ ಘ ಎಂಬ ಕ್ರಮ ಆಗಲೇ ಬಂದಿದೆ. ಕಾಗುಣಿತವೂ ಗೊತ್ತು, ‘ಳ’ವೂ ಗೊತ್ತು. ಹೊಸದು ಆಕಾರ ಮಾತ್ರ. ಹ್ರಸ್ವವಾದ ಎ, ಒಗಳನ್ನೂ ಒತ್ತಕ್ಷರಗಳನ್ನೂ ಬೇರೆಯಾಗಿ ಹೇಳಿಕೊಡಬೇಕು. ಕರ್ನಾಟಕದ ಒಂದನೆಯ ತರಗತಿಯ ಪಾಠಪುಸ್ತಕವು ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂದು ಆರಂಭಿಸುತ್ತದೆ. ಈ ಐದು ಬಂದರೆ ಸಾಕು, ಸರ, ರಸ, ಅರಸ, ಅಗಸ ಎಂದು ಮಗು ಮೊದಲ ದಿನವೇ ಓದತೊಡಗುತ್ತದೆ. ಓದಿದೆನೆಂಬ ಆ ಹೆಮ್ಮೆ ಆರಿಹೋಗುವ ಮುಂಚೆ ಕೈಗೆ ಪುಸ್ತಕ ಬರಬೇಕು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಎಂಬ ಜಾಲತಾಣದಲ್ಲಿ ಕನ್ನಡದ ಕತೆಗಳು ಪುಕ್ಕಟೆ ಸಿಗುತ್ತವೆ. ಅಲ್ಲಿ ಕತೆಗಳನ್ನು ಓದುವ ಬಲದ ಮೇಲೆ ನಾಲ್ಕು ಹಂತವಾಗಿ ವಿಂಗಡಿಸಿದ್ದಾರೆ. ನಮಗೆ ಬೇಕಾದುದು ಇದೇ. ಚೆನ್ನೈಯ ತೂಲಿಕಾದವರ ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಇಂಗ್ಲಿಷೂ ಕನ್ನಡವೂ ಇರುವಂಥವುಂಟು, ಅವೂ ಒಳ್ಳೆಯವು. ಅಂಗಡಿಯಲ್ಲಿ ಕೊಳ್ಳುವಾಗ ಚಿತ್ರ ನೋಡಿ ಮರುಳಾಗದೆ ನಡುವಿನ ಒಂದು ಪುಟ ತೆರೆದು ಒತ್ತಕ್ಷರಗಳನ್ನು ಎಣಿಸಿರಿ. ಸಾಲಿಗೆ ಮೂರು ನಾಲ್ಕಿದ್ದರೆ ಅದು ಮುಂದಿನ ವರ್ಷದ ಪುಸ್ತಕ.

ಹನ್ನೊಂದರಿಂದ ಹದಿನಾಲ್ಕರವರೆಗಿನದೇ ನಿಜವಾದ ಕಗ್ಗಂಟು. ಬುದ್ಧಿ ಬೆಳೆದಿದೆ, ಅಕ್ಷರ ಬೆಳೆದಿಲ್ಲ. ಇವರಿಗೆ ಮಾತು ಕಡಿಮೆಯಿದ್ದು ವಿಷಯ ದೊಡ್ಡದಾಗಿರುವ ಪುಸ್ತಕ ಬೇಕು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು 1967ರಲ್ಲಿ ಮುಂಬಯಿಯಿಂದ ಹೊರಡಿಸಿದ ಅಮರ ಚಿತ್ರಕಥೆ ಕನ್ನಡದಲ್ಲೂ ಬಂದಿದೆ. ಚಿತ್ರಕಥೆ ಓದಿದರೆ ಹುಡುಗರು ಕೆಡುವರೆಂಬ ಹಿರಿಯರ ಮಾತನ್ನು ನಾವು ಒಪ್ಪುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದವನನ್ನು ನೋಡಿ ಯಾರೂ ನಗುವುದಿಲ್ಲ, ಇದು ಸಣ್ಣ ಗುಣವಲ್ಲ. ಇಂಗ್ಲಿಷಿನಲ್ಲಿ ಆಗಲೇ ಗೊತ್ತಿರುವ ಕತೆಯನ್ನು ಕೊಡುವುದು ಇನ್ನೊಂದು ಉಪಾಯ. ಬ್ರೌನಿಂಗ್ ಕವಿಯ ಪೈಡ್ ಪೈಪರನ್ನು ಬಲ್ಲ ಹುಡುಗನಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕೊಡಿ. ಕತೆ ಗೊತ್ತಿರುವುದರಿಂದ ಗೊತ್ತಿಲ್ಲದ ಪದಗಳು ಹೆದರಿಸುವುದಿಲ್ಲ. ರಾಷ್ಟ್ರೋತ್ಥಾನದವರ ಭಾರತ ಭಾರತಿ ಮಾಲೆಯ ಕಿರುಹೊತ್ತಗೆಗಳು ಅಂಗಿಯ ಜೇಬಿಗೆ ಹಿಡಿಯುತ್ತವೆ. ಆದರೆ ಕೆಲವದರಲ್ಲಿ ಸಂಸ್ಕೃತ ಪದಗಳ ಭಾರ ಹೆಚ್ಚೆಂದು ನಮ್ಮ ಭಾವನೆ. ಸ್ವಲ್ಪ ನುರಿತವರಿಗೆ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪೂ ಆದ ಕತೆ’ ಇದೆ. 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕ ಅದು.

ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಕೊಳ್ಳಬೇಕೆ ಎಂದು ಕೆಲವರು ಕೇಳಿದ್ದಾರೆ. ಒಬ್ಬರೇ ಕುಳಿತು ಅಂಥದನ್ನು ಬರೆದ ಸಾಹಸಕ್ಕೆ ಕೈ ಮುಗಿಯಬೇಕು. ಆದರೆ ಅದು 1930ರ ದಶಕದ ಕೃತಿ. ಅಲ್ಲಿಂದೀಚೆಗೆ ವಿಜ್ಞಾನ ಬಹುದೂರ ನಡೆದಿದೆ. ದೊಡ್ಡವರು ಓದಿಕೊಂಡು ಆಯ್ದು ಹೇಳಬಹುದು. ಇನ್ನು ‘ಚಂದಮಾಮ’ ಕೇಳುವವರಿಗೆ ಹೇಳತಕ್ಕದ್ದು ಏನೆಂದರೆ, 1949ರಲ್ಲಿ ಕನ್ನಡಕ್ಕೆ ಬಂದ ಆ ಪತ್ರಿಕೆ ಈಗ ನಿಂತುಹೋಗಿದೆ. ಊರಿನ ಮನೆಯಲ್ಲಿ ಹಳೆಯ ಸಂಚಿಕೆಗಳಿದ್ದರೆ ಗೆದ್ದಲಿಗೆ ಬಿಡದೆ ತನ್ನಿರಿ.

ಹದಿನೈದು ದಾಟಿದವರಿಗೆ ನಾವು ಆರಿಸುವುದಕ್ಕಿಂತ ದಾರಿ ಬಿಡುವುದೇ ಲೇಸು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯಿಂದ ಹಿಡಿದರೆ ‘ಕರ್ವಾಲೊ’ ತಾನಾಗಿ ಬರುತ್ತದೆ. ಅದಕ್ಕೂ ಮಿಗಿಲಾಗಿ ನಾವು ಹೇಳುವುದು ಜಯಂತ ಕಾಯ್ಕಿಣಿಯವರ ಮುಂಬಯಿಯ ಕತೆಗಳನ್ನು. ಕನ್ನಡವೆಂದರೆ ಅಜ್ಜನ ಮನೆಯ ಗದ್ದೆ, ದನದ ಕೊಟ್ಟಿಗೆ ಎಂದು ತಿಳಿದ ನಮ್ಮ ಹುಡುಗರು, ತಾವು ದಿನಾ ಹತ್ತುವ ಲೋಕಲು, ತಾವು ಕಂಡ ಚಾಳು ಕನ್ನಡದಲ್ಲಿ ಅಚ್ಚಾಗಿರುವುದನ್ನು ನೋಡಲಿ. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ ದೊರೆಯುತ್ತದೆ. ಎರಡನ್ನೂ ಮಗ್ಗುಲಲ್ಲಿಟ್ಟುಕೊಂಡು ಓದಲಿ.

ಪುಸ್ತಕ ಎಲ್ಲಿ ಸಿಗುತ್ತದೆಂದು ಕೇಳುವಿರಿ. ಮತ್ಸ್ಯಗಂಧ ರೈಲು ಹೊರಡುವುದು ನಮ್ಮ ಕುರ್ಲಾದ ತಿಲಕ್ ಟರ್ಮಿನಸಿನಿಂದಲೇ. ಮೇ ತಿಂಗಳಲ್ಲಿ ಊರಿಗೆ ಹೋಗಿ ಕುಚ್ಚಲಕ್ಕಿ, ಹಲಸಿನ ಹಪ್ಪಳ ಹೊತ್ತು ತರುವ ನಮಗೆ ನಾಲ್ಕು ಪುಸ್ತಕ ಭಾರವಲ್ಲ. ತಿಂಗಳಿಗೆ 100 ರೂಪಾಯಿಯಂತೆ ತೆಗೆದಿಟ್ಟರೆ ವರ್ಷಕ್ಕೆ 1,200 ಆಯಿತು. ಮಂಗಳೂರಿನ ಪುಸ್ತಕದಂಗಡಿಗೆ ಮಗುವನ್ನು ಕರೆದೊಯ್ದು ಎರಡನ್ನು ನೀವು ಆರಿಸಿರಿ, ಎರಡನ್ನು ಅದೇ ಆರಿಸಲಿ. ಓದಿ ಮುಗಿದದ್ದನ್ನು ಸಂಘಕ್ಕೆ ತಂದುಕೊಡಿರಿ. ಕೊಡುವಾಗ ಒಳರಟ್ಟಿನ ಮೇಲೆ ಪೆನ್ಸಿಲಿನಿಂದ, ಓದಿದ ಮಗುವಿನ ಪ್ರಾಯವೆಷ್ಟು, ಕನ್ನಡ ಕಲಿತು ಎಷ್ಟು ವರ್ಷ, ಯಾವ ಪುಟದಲ್ಲಿ ನಿಂತಿತು ಎಂದು ಬರೆದಿಡಿರಿ. ಮುಂದೆ ಆ ಪುಸ್ತಕ ಒಯ್ಯುವ ತಾಯಿಗೆ ಹಿಂಬದಿಯ ಅಚ್ಚಿಗಿಂತ ಆ ಬರಹವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.